ಕೊಕ್ಕರೆ ಗೋಡೆಯ ಹಿಂದೆ

ಬಫಲೊ
24 ಫೆಬ್ರವರಿ 1982, ಬೂದಿ ಬುಧವಾರ

ಪ್ರೀತಿಯ ತಂಗಿ ತೆಕ್ಲಾ,

ಯೇಸುಕ್ರಿಸ್ತನಿಗೆ ಸ್ತುತಿಯಾಗಲಿ.

ನಿನ್ನ ಕಾಗದವನ್ನು ಮನೆಯಲ್ಲಿ ಒಮ್ಮೆ ಓದಿದ್ದೆ. ಇವತ್ತು ಕೆಲಸದ ಹೊತ್ತಿನಲ್ಲಿ, ನಾನು ಓಡಿಸುವ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಮತ್ತೆ ಓದಿದೆ. ಮೇಲಿನಿಂದ ಗಂಟೆ ಹೊಡೆದದ್ದು ಕೇಳಿಸಲೇ ಇಲ್ಲ. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಮೆಟ್ಟಿಲಿಳಿದು ಬಂದು, "ಏನಮ್ಮಾ ಗೆನ್ಯಾ, ಸತ್ತಿದ್ದು ಲಿಫ್ಟೋ ನೀನೋ?" ಎಂದರು. ಹಣೆಯ ಮೇಲೆ ಫಾದರ್ ಹಚ್ಚಿದ ಬೂದಿ ನೋಡಿ, "ಓ, ನೀನೇ ಇರ್ಬೇಕು" ಎಂದು ನಕ್ಕರು. ಪಕ್ಕದ ಲಿಫ್ಟಿನ ಕಾನ್ಸೆಟ್ಟಾ ಇನ್ನೂ ಬೂದಿ ಹಾಕಿಸಿಕೊಂಡಿಲ್ಲ. ಕೇಳಿದರೆ, "ಸಾಯಂಕಾಲ ಹಾಕಿಸ್ಕೋತೀನಿ ಕಣೇ, ಬೆಳಿಗ್ಗೇನೇ ಹಚ್ಕೊಂಡ್ರೆ ಪೌಡರ್ ಕೆಟ್ಟೋಗುತ್ತೆ" ಅನ್ನುತ್ತಾಳೆ. ಈ ಇಟಲಿಯವರ ಭಕ್ತಿಯೇ ಹೀಗೆ.

ನಮ್ಮ ಹೋಲ್ಡನ್ ಕಟ್ಟಡದ ಚರಿತ್ರೆ ಬರೆಯುವ ಕೆಲಸ ನಿನ್ನ ಕಂಪನಿಗೆ ಸಿಕ್ಕಿದೆಯೆಂದೂ ಬರೆಯುವವಳು ನೀನೇ ಎಂದೂ ಓದಿ ನನಗೆ ಕಣ್ಣೀರು ಬಂತು. ಕಳೆದ ವರ್ಷವಿಡೀ ಇದನ್ನು ಕೆಡವಿ ಕಾರು ನಿಲ್ಲಿಸುವ ಬಯಲು ಮಾಡುತ್ತಾರೆಂದು ಕೇಳಿ ಕೇಳಿ ಎದೆ ಒಣಗಿಹೋಗಿತ್ತು. ಈಗ ಕೊಂಡಿರುವ ಲಿಂಡ್‌ಕ್ವಿಸ್ಟ್ ಸಾಹೇಬರು, ಸರ್ಕಾರ ಇದನ್ನು ಐತಿಹಾಸಿಕ ಕಟ್ಟಡವೆಂದು ಒಪ್ಪಿದರೆ ತೆರಿಗೆ ರಿಯಾಯಿತಿ ಸಿಗುತ್ತದೆ, ಆಗ ದುರಸ್ತಿ ಮಾಡಿಸುತ್ತೇನೆ, ಒಪ್ಪದಿದ್ದರೆ ಬುಲ್ಡೋಜರೇ ಗತಿ ಎಂದಿದ್ದಾರೆ. ದೇವರೇ ನಿನ್ನನ್ನು ಕಳಿಸಿದ ಎಂದುಕೊಂಡೆ.

ನೆನಪಿರುವುದನ್ನೆಲ್ಲ ಬರೆ ಎಂದಿದ್ದೀಯ. ನಾನು ಹಳ್ಳಿಶಾಲೆಯಲ್ಲಿ ಓದಿದವಳು, ಅಂದವಾಗಿ ಬರೆಯಲು ಬಾರದು. ನೋಡಿದ್ದನ್ನು ಹೇಳುತ್ತೇನೆ.

ಕಟ್ಟಿಸಿದವರು ಧಾನ್ಯದ ವ್ಯಾಪಾರಿಗಳು, ಅಜ್ಜ ಹಳೆಯ ದೇಶದಿಂದ ಹಡಗು ಹತ್ತುವುದಕ್ಕೂ ಮುಂಚೆ. ಒಳಗಿರುವುದು ಉಕ್ಕಿನ ಹಂದರ. ಹೊರಗೆ ಕಲ್ಲಿನಂತೆ ಕಾಣುವುದು ಸುಟ್ಟ ಮಣ್ಣಿನ ಫಲಕ. "ಮೂಳೆ ಉಕ್ಕಿಂದು, ಅಂಗಿ ಮಣ್ಣಿಂದು" ಎಂದು ಅಪ್ಪ ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಆ ಅಂಗಿಯ ತುಂಬ ಗೋಧಿ ತೆನೆ, ಮೆಕ್ಕೆಜೋಳದ ದಿಂಡು, ನಡುನಡುವೆ ಬಳ್ಳಿ. ಕೆಳಗಿನ ಬೀದಿಯಲ್ಲಿ ನಡೆಯುವವರಿಗೆ ಮೇಲಿನ ತೆನೆಗಳು ಕಾಣುವುದೇ ಇಲ್ಲ, ಆದರೂ ಬಾಗಿಲ ಪಕ್ಕದ ತೆನೆಗಳಷ್ಟೇ ಶ್ರದ್ಧೆಯಿಂದ ಮಾಡಿದ್ದಾರೆ. ದೇವರಿಗೆ ಕಾಣುತ್ತದಲ್ಲ. ಸರೋವರದ ಕಡೆಯಿಂದ ಮಳೆ ಬಂದುಹೋಗಿ ಬಿಸಿಲು ಬಿದ್ದರೆ ಇಡೀ ಕಟ್ಟಡ ಆಗತಾನೆ ಒಲೆಯಿಂದ ತೆಗೆದ ಬ್ರೆಡ್ಡಿನ ಬಣ್ಣಕ್ಕೆ ಬರುತ್ತದೆ.

ಒಳಗೆ, ನಡುವಿನ ಬಾವಿಯಂಥ ಅಂಗಳದ ಮೇಲೆ ಗಾಜಿನ ಮಾಡು. ಯುದ್ಧದಲ್ಲಿ ವಿಮಾನಗಳಿಗೆ ಬೆಳಕು ಕಾಣಬಾರದೆಂದು ಟಾರು ಬಳಿದದ್ದು ಹಾಗೇ ಇದೆ. ಅದನ್ನು ಕೆರೆಸಿದರೆ ಮತ್ತೆ ಬಿಸಿಲು ನೆಲದವರೆಗೆ ಬಂದೀತು. ಕಬ್ಬಿಣದ ಜಾಲರಿಯ ಮೆಟ್ಟಿಲು, ಪಂಜರದಂಥ ನಮ್ಮ ಲಿಫ್ಟುಗಳು. ಗೋಡೆಗುಂಟ ಇಳಿಯುವ ಗಾಜಿನ ಕೊಳವೆಯಲ್ಲಿ ಮೇಲಿನವರು ಹಾಕಿದ ಕಾಗದ ನಮ್ಮ ಕಣ್ಣೆದುರೇ ಸರ್ರನೆ ಕೆಳಗಿನ ಅಂಚೆಪೆಟ್ಟಿಗೆಗೆ ಬಿದ್ದುಹೋಗುತ್ತದೆ. ಮತ್ತೆ ಕೆಳಗಿನ ಹಜಾರದಲ್ಲಿ ಅಪ್ಪನ ಕೊಕ್ಕರೆ ಗೋಡೆ. ಅದರ ವಿಷಯ ನಾನೇನು ನಿನಗೆ ಹೇಳುವುದು.

ನಿನ್ನ ಭಾವ ವೊಯ್ತೆಕ್ ಚೆನ್ನಾಗಿದ್ದಾರೆ. ಉಪವಾಸದ ಮೊದಲ ದಿನವೇ ಸಾಸೇಜು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಿದ್ದಾರೆ.

ನಿನ್ನ ಅಕ್ಕ,
ಗೆನ್ಯಾ

---

ಶಿಕಾಗೊ
5 ಮಾರ್ಚ್ 1982

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಹಳ ಉಪಯೋಗಕ್ಕೆ ಬಂತು. ಮೇಲಿನ ತೆನೆಗಳ ಬಗ್ಗೆ ನೀನು ಬರೆದ ಮಾತನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ತೋರಿಸಿದೆ.

ಇನ್ನೊಂದೆರಡು ವಿಷಯ ಬೇಕು. ಅಪ್ಪ ಆ ಗೋಡೆ ಮಾಡಿದ ವರ್ಷ ನಿನಗೆ ಖಚಿತವಾಗಿ ನೆನಪಿದೆಯೆ? ಅದನ್ನು ಯಾವುದರ ಮೇಲೆ ಕೂರಿಸಿದ? ಕಟ್ಟಡ ಹೊಸದಿದ್ದಾಗಿನ ಒಂದು ಪತ್ರಿಕೆಯ ಚಿತ್ರದಲ್ಲಿ ಆ ಜಾಗದಲ್ಲಿ ಹಸಿರು ಗೆರೆಯ ಅಮೃತಶಿಲೆಯೂ ಕಂಚಿನ ಕುಡಿಯುವ ನೀರಿನ ಬುಗ್ಗೆಯೂ ಕಾಣುತ್ತವೆ. ಅವೆಲ್ಲ ಏನಾದವು?

ಇನ್ನೊಂದು ಮಾತು. ನಾವಿಬ್ಬರೂ ಅಕ್ಕತಂಗಿಯರೆಂದು ಅಲ್ಲಿ ಸದ್ಯಕ್ಕೆ ಯಾರಿಗೂ ಹೇಳಬೇಡ. ಪಕ್ಷಪಾತದಿಂದ ಬರೆದಳು ಎನ್ನುತ್ತಾರೆ. ನನ್ನ ಹೆಸರು ಈಗ ಟೆಸ್ ಮಾರ್ಲೋ ಆಗಿರುವುದರಿಂದ ತಾನಾಗಿ ಯಾರಿಗೂ ತಿಳಿಯುವುದಿಲ್ಲ.

ಪ್ರೀತಿಯಿಂದ,
ಟೆಸ್

---

ಬಫಲೊ
19 ಮಾರ್ಚ್ 1982, ಸಂತ ಜೋಸೆಫರ ಹಬ್ಬ

ಪ್ರೀತಿಯ ತೆಕ್ಲಾ,

ಯೇಸುಕ್ರಿಸ್ತನಿಗೆ ಸ್ತುತಿಯಾಗಲಿ.

ಕೆಲಸಗಾರರ ಸಂತನ ಹಬ್ಬದ ದಿನವೇ ಅಪ್ಪನ ಕೆಲಸದ ಬಗ್ಗೆ ಬರೆಯಲು ಕೂತಿದ್ದೇನೆ. ಬೇಕೆಂದೇ ಇವತ್ತಿನವರೆಗೆ ಕಾದೆ.

ಯಾರಿಗೂ ಹೇಳಬೇಡ ಎಂದಿದ್ದೀಯ, ಆದರೆ ಕಾನ್ಸೆಟ್ಟಾಳಿಗೆ ಗೊತ್ತು. ನಿನ್ನ ಮದುವೆಯಲ್ಲಿ ಕುಣಿದವಳಿಗೆ ಹೇಗೆ ಗೊತ್ತಿಲ್ಲದಿರುತ್ತದೆ? ನೀನು ವರ್ಷ ಕೇಳಿದ್ದೀಯ ಎಂದು ಹೇಳಿದ್ದಕ್ಕೆ ಅವಳು, "ಕಟ್ಟಿದಾಗಿಂದ್ಲೂ ಇದೆ ಅಂತ ಬರ್ದುಬಿಡು. ಯಾರ್ ಬಂದು ನೋಡ್ತಾರೆ? ಹಳೇದು ಅಂದಷ್ಟೂ ಬೆಲೆ ಜಾಸ್ತಿ" ಎಂದಳು.

"ತಪಸ್ಸುಕಾಲದಲ್ಲಿ ಸುಳ್ಳು ಹೇಳ್ಲಾ?" ಎಂದೆ.

"ಪಾಸ್ಖ ಹಬ್ಬ ಆದ್ಮೇಲೆ ಹೇಳು, ಹಂಗಾದ್ರೆ."

"ಹೋಗೇ! ಬರೀತಿರೋಳು ನನ್ನ ತಂಗಿ. ಅವಳ ಹತ್ರ ಸುಳ್ಳು ಯಾಕೆ ಬೇಕು?"

ಅದು 1946ರ ಶರತ್ಕಾಲ. ನಿನಗೆ ಆರು ವರ್ಷ, ನನಗೆ ಹದಿನಾಲ್ಕು. ತಿರುಗುವ ಬಾಗಿಲು ಕೂರಿಸಲು ಹಜಾರದ ನೆಲ ಒಡೆದಿದ್ದರು. ಹಳೆಯ ನೆಲದ ಬಣ್ಣಬಣ್ಣದ ಚೂರುಗಳನ್ನು ಹೊರಗೆ ಎಸೆಯುತ್ತಿದ್ದಾಗ, ಅಲ್ಲೇ ನೆಲ ಉಜ್ಜುವ ಕೆಲಸದಲ್ಲಿದ್ದ ಅಪ್ಪ ಮ್ಯಾನೇಜರನನ್ನು ಕೇಳಿದ, "ಸಾಹೇಬ್ರೇ, ಆ ಮೂಲೆ ಗೋಡೆ ನನಗೆ ಬಿಡಿ, ಈ ಚೂರಲ್ಲೇ ಏನಾದ್ರೂ ಮಾಡ್ತೀನಿ" ಎಂದು. ಆತ ಒಪ್ಪಿದ. ಅಪ್ಪ ಗೋಡೆಯ ಮೇಲೆ ಹಳೆಯ ದೇಶದ ಅಜ್ಜಿಯ ಊರನ್ನು ಮಾಡಿದ. ಹುಲ್ಲಿನ ಮಾಡು, ಏತದ ಬಾವಿ, ಮಾಡಿನ ಮೇಲೆ ಗೂಡು, ಗೂಡಿನಲ್ಲಿ ಒಂಟಿಕಾಲಿನ ಬಿಳಿ ಕೊಕ್ಕರೆ. ಆಕಾಶಕ್ಕೆ ನೀಲಿ ಸಾಲದೆ ಬಂದಾಗ ಅಮ್ಮ ಮದುವೆಯಲ್ಲಿ ತಂದ ನೀಲಿ ತಟ್ಟೆಗಳನ್ನು ಒಂದೊಂದೇ ಒಡೆದುಕೊಟ್ಟಳು. ಅಳಲಿಲ್ಲ. ಬೈದಳು, ಆದರೆ ಒಡೆದಳು.

ಒಂದೊಂದು ಚೂರು ಕೂರಿಸುವಾಗಲೂ ಅಪ್ಪ ಒಂದೊಂದು ನಮೋ ಮರಿಯ ಜಪ ಹೇಳುತ್ತಿದ್ದ. ಬುತ್ತಿ ಕೊಡಲು ಹೋದಾಗ ಮಾತಾಡಿಸಿದರೆ, ಜಪ ಮುಗಿದು ಚೂರು ಕೂರುವವರೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾಗಿ ನನಗದು ಗೋಡೆಯಲ್ಲ, ಜಪಸರ. ಈಗಲೂ ಕೆಲಸಕ್ಕೆ ಬಂದ ಹೆಂಗಸರು ಮೊದಲು ಅಲ್ಲಿ ನಿಲ್ಲುತ್ತಾರೆ. ಗರಿಗಳ ಭಾನುವಾರದ ಮಾರನೆ ದಿನ ಗೂಡಿನ ಕೆಳಗೆ ಚರ್ಚಿನಿಂದ ತಂದ ವಿಲೋ ಮರದ ಕಡ್ಡಿ ಸಿಕ್ಕಿಸುತ್ತಾರೆ. ಯಹೂದಿ ವಕೀಲರೊಬ್ಬರು ಕೂಡ ಕೋರ್ಟಿಗೆ ಹೋಗುವ ಮುಂಚೆ ಕೊಕ್ಕರೆಯ ಕಾಲು ಮುಟ್ಟಿ ಹೋಗುತ್ತಾರೆ.

ಇನ್ನು ಅದರ ಹಿಂದೇನಿದೆ ಎಂದು ಕೇಳಿದೆಯಲ್ಲ. ಅದನ್ನು ಹೇಳಲು ನನಗೆ ಹೆಮ್ಮೆ. ಅಪ್ಪ ಹಳೆಯ ಅಮೃತಶಿಲೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಮುಂದೆ ಮರದ ಚೌಕಟ್ಟು ನಿಲ್ಲಿಸಿ, ಜಾಲರಿ ಬಿಗಿದು, ಅದರ ಮೇಲೆ ಗಾರೆ ಹಾಕಿ ಕೂರಿಸಿದ. ಊಟಕ್ಕೆ ಕೂತಾಗ ಹೇಳುತ್ತಿರಲಿಲ್ಲವೆ, "ಹಿಂದಿನ ಕಲ್ಲು ಹೆಂಗಿತ್ತೋ ಹಂಗೇ ಇದೆ, ಬುಗ್ಗೇನೂ ಹಂಗೇ ಇದೆ, ಒಂದು ಗೀರು ಬಿದ್ದಿಲ್ಲ. ಇನ್ನೊಬ್ಬನ ಕೆಲಸ ಕೆಡಿಸಿ ನನ್ನ ಕೆಲಸ ತೋರಿಸೋನಲ್ಲ ನಾನು" ಎಂದು? ಈ ಮಾತನ್ನು ನೀನು ಬರೆಯಲೇಬೇಕು. ಎಂಥ ಮೇಸ್ತ್ರಿ ಇದ್ದ ಎಂದು ಜನಕ್ಕೆ ತಿಳಿಯಲಿ.

ಪಾಸ್ಖಕ್ಕೆ, ಈಸ್ಟರ್ ಭಾನುವಾರಕ್ಕೆ, ಬರುತ್ತೀಯ ತಾನೆ? ಬ್ರಾಡ್‌ವೇ ಮಾರುಕಟ್ಟೆಯಲ್ಲಿ ಬೆಣ್ಣೆಯಲ್ಲಿ ಮಾಡಿದ ಹಬ್ಬದ ಕುರಿಮರಿ ಎರಡು ಹೇಳಿಟ್ಟಿದ್ದೇನೆ.

ನಿನ್ನ ಅಕ್ಕ,
ಗೆನ್ಯಾ

---

ಶಿಕಾಗೊ
2 ಏಪ್ರಿಲ್ 1982

ಪ್ರೀತಿಯ ಅಕ್ಕಾ,

ಬರೆದದ್ದಕ್ಕೆ ಕೃತಜ್ಞತೆ. ಬೇಕಾದದ್ದೆಲ್ಲ ಸಿಕ್ಕಿತು.

ಪಾಸ್ಖಕ್ಕೆ ಬರಲಾಗುವುದಿಲ್ಲ, ಕ್ಷಮಿಸು. ಏಪ್ರಿಲ್ 20ಕ್ಕೆ ನಗರಸಭೆಯಲ್ಲಿ ವಿಚಾರಣೆ ಇದೆ, ಅದರ ತಯಾರಿ ಮುಗಿದಿಲ್ಲ. ಬೆಳಿಗ್ಗೆ ವಿಮಾನದಲ್ಲಿ ಬಂದು ಸಂಜೆಗೇ ಹಿಂದಿರುಗುತ್ತೇನೆ. ನೀನು ಅದಕ್ಕಾಗಿ ರಜೆ ಹಾಕುವುದು ಬೇಡ. ಅಂಕಿಅಂಶದ ಮಾತು, ಬೇಸರ ಬರುತ್ತದೆ.

ಟೆಸ್

---

ಬಫಲೊ
21 ಏಪ್ರಿಲ್ 1982

ತೆಕ್ಲಾ,

ಯೇಸುಕ್ರಿಸ್ತನಿಗೆ ಸ್ತುತಿಯಾಗಲಿ.

ನೀನು ಬೇಡವೆಂದರೂ ನಾನು ಬಂದಿದ್ದೆ. ನಿನಗೆ ಕಂಡಿರಬೇಕು. ಕಂಡಮೇಲೆ ನೀನು ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದೆ, ಅವು ಆಗಲೇ ಜೋಡಿಸಿದ್ದವು. ಕಾನ್ಸೆಟ್ಟಾ, ಕಸಗುಡಿಸುವ ಹೆಂಗಸರು, ಹಲ್ಲಿನ ಡಾಕ್ಟರು, ಎಲ್ಲರನ್ನೂ ಕಟ್ಟಿಕೊಂಡು ಬಂದಿದ್ದೆ. ಹಬ್ಬದ ಟೋಪಿ ಹಾಕಿಕೊಂಡಿದ್ದೆ. ನನ್ನ ತಂಗಿ ಅಪ್ಪನ ಹೆಸರನ್ನು ನಗರಸಭೆಯಲ್ಲಿ ಎತ್ತಿ ಹೇಳುವುದನ್ನು ಕೇಳಬೇಕೆಂದು ಮೊದಲನೇ ಸಾಲಿನಲ್ಲಿ ಕೂತಿದ್ದೆ.

ನೀನು ಚೆನ್ನಾಗಿ ಮಾತಾಡಿದೆ. ಅದನ್ನು ಇಲ್ಲವೆನ್ನುವುದಿಲ್ಲ. ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿ, ಉಕ್ಕಿನ ಹಂದರ ಹೇಗೆ ಎತ್ತಿದರು, ಮಣ್ಣಿನ ಫಲಕಗಳನ್ನು ಎಲ್ಲಿ ಸುಟ್ಟರು, ಹಜಾರವನ್ನು ಮೊದಲ ವಾಸ್ತುಶಿಲ್ಪಿ ಹೇಗೆ ಕಲ್ಪಿಸಿದ್ದ, ಎಲ್ಲ ಹೇಳಿದೆ. ಮೇಲಿನ ತೆನೆಗಳ ಬಗ್ಗೆ ನನ್ನ ಮಾತನ್ನೇ ಹೇಳಿದೆ, ದೇವರನ್ನು ಮಾತ್ರ ಬಿಟ್ಟೆ. ಆಮೇಲೆ ಕೊಕ್ಕರೆ ಗೋಡೆಯ ಚಿತ್ರ ಬಂತು. ನಮ್ಮ ಹೆಂಗಸರು ಚಪ್ಪಾಳೆ ತಟ್ಟಿದರು. ನೀನು ಕಾದೆ. ಚಪ್ಪಾಳೆ ನಿಂತ ಮೇಲೆ ಹೇಳಿದೆ:

"ಇದು ಕಟ್ಟಡದ ಮುಖ್ಯ ಕಾಲಕ್ಕೆ ಸೇರಿದ್ದಲ್ಲ. 1946ರಲ್ಲಿ ಮಾಡಿದ ಸೇರ್ಪಡೆ. ಹಳೆಯ ನೌಕರರೊಬ್ಬರ ಹೇಳಿಕೆಯಂತೆ, ಮೂಲ ಅಮೃತಶಿಲೆ ಮತ್ತು ಬುಗ್ಗೆ ಇದರ ಹಿಂದೆ ಕೆಡದೆ ಉಳಿದಿವೆ. ಆದ್ದರಿಂದ ಇದನ್ನು ತೆಗೆದು, ಹಜಾರವನ್ನು ಮೂಲಸ್ಥಿತಿಗೆ ತರಬಹುದು."

ಹಳೆಯ ನೌಕರರೊಬ್ಬರು. ಅದು ನಾನು.

ಕಾನ್ಸೆಟ್ಟಾ ನನ್ನ ತೊಡೆ ಗಿಲ್ಲಿ, "ಏನೇ ಹೇಳ್ತಿದಾಳೆ ಇವಳು? ತೆಗೀತಾರಂತಾ? ನಿಮ್ಮಪ್ಪಂದಲ್ವೇನೇ ಅದು?" ಎಂದಳು. ನಾನು, "ತಡಿಯೇ, ಇನ್ನೂ ಮುಗ್ದಿಲ್ಲ" ಎಂದೆ. ಮುಂದೆ ಏನೋ ಇದೆ, ನೀನು ಹೇಳುತ್ತೀಯ ಎಂದು ಆಗಲೂ ಅಂದುಕೊಂಡೆ.

ಅಧ್ಯಕ್ಷೆ, ಆ ಬಿಳಿಕೂದಲಿನ ಹೆಂಗಸು, ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆಯಲ್ರೀ ಇದು. ಯಾರು ಮಾಡಿದ್ದು, ಮಿಸೆಸ್ ಮಾರ್ಲೋ?" ಎಂದು ಕೇಳಿದಳು.

ನೀನು ನನ್ನ ಕಡೆ ನೋಡಲಿಲ್ಲ. "ಯಾರೆಂದು ತಿಳಿದಿಲ್ಲ. ಯಾರೋ ಸ್ಥಳೀಯ ಕೆಲಸಗಾರ ಇರಬೇಕು" ಎಂದೆ.

ತೆಕ್ಲಾ, ನಾನು ಎದ್ದು ನಿಲ್ಲಬಹುದಿತ್ತು. ಅದನ್ನು ಮಾಡಿದವನ ಹೆಸರು ಕಾಜಿಮಿರ್ ವ್ರೋನಾ, ನಾನು ಅವನ ದೊಡ್ಡ ಮಗಳು, ಮಾತಾಡುತ್ತಿರುವವಳು ಚಿಕ್ಕವಳು ಎಂದು ಹೇಳಬಹುದಿತ್ತು. ಕಾನ್ಸೆಟ್ಟಾ ಎದ್ದೇಬಿಟ್ಟಿದ್ದಳು, ನಾನೇ ಲಂಗ ಹಿಡಿದು ಕೂರಿಸಿದೆ. ಅಷ್ಟು ಜನರ ಮುಂದೆ ನಿನ್ನನ್ನು ಸುಳ್ಳಿ ಎನಿಸಲು ನನಗೆ ಬಾಯಿ ಬರಲಿಲ್ಲ. ನೀನು ಮಾತ್ರ ಎಷ್ಟು ಸಲೀಸಾಗಿ ಹೇಳಿದೆ!

ಶುಭ ಶುಕ್ರವಾರ ಕಳೆದು ಇನ್ನೂ ಎರಡು ವಾರ ಆಗಿಲ್ಲ. ಅಂಗಳದಲ್ಲಿ ಬೆಂಕಿ ಕಾಯಿಸುತ್ತ ಯೇಸುವಿನ ಶಿಷ್ಯ ಪೇತ್ರ, ಆ ಮನುಷ್ಯನನ್ನು ನಾನರಿಯೆ ಎಂದು ಗುರುವನ್ನೇ ಅಲ್ಲಗಳೆದದ್ದನ್ನು ಚರ್ಚಿನಲ್ಲಿ ಮೊಣಕಾಲೂರಿ ಕೇಳಿದ್ದೆ. ಪೇತ್ರನಿಗೆ ಪ್ರಾಣಭಯವಿತ್ತು. ನಿನಗೇನಿತ್ತು?

ಹೊರಗೆ ಮೆಟ್ಟಿಲ ಮೇಲೆ ನಿಂತು ಕಾದೆ. ನೀನು ಲಿಂಡ್‌ಕ್ವಿಸ್ಟರ ಕಾರಿನಲ್ಲಿ ಹೋದೆ ಎಂದರು.

ಗೆನ್ಯಾ

---

ಶಿಕಾಗೊ
9 ಮೇ 1982

ಅಕ್ಕಾ,

ಮೂರು ಸಲ ಬರೆದು ಹರಿದೆ. ನೀನು ಫೋನು ಎತ್ತುವುದಿಲ್ಲ. ವೊಯ್ತೆಕ್ ಭಾವ, "ಅವಳು ಪ್ರಾರ್ಥನೇಲಿದಾಳೆ" ಎಂದು ಇಡುತ್ತಾರೆ. ಇಡೀ ದಿನ ಪ್ರಾರ್ಥನೆ ಮಾಡುವಷ್ಟು ಪಾಪ ನಾನು ಮಾಡಿಲ್ಲ.

ಕೇಳು. ಕಟ್ಟಡವನ್ನು ಒಪ್ಪಿಕೊಳ್ಳಬೇಕಾದರೆ ಅದಕ್ಕೊಂದು ಕಾಲ ಗುರುತಿಸಬೇಕು. ಆ ಕಾಲದ್ದು ಉಳಿಯಬೇಕು. ಆಮೇಲೆ ಬಂದದ್ದು, ಅದರ ಹಿಂದೆ ಮೂಲದ್ದು ಉಳಿದಿದ್ದರೆ, ಹೋಗಬೇಕು. ಇದು ನಾನು ಮಾಡಿದ ನಿಯಮವಲ್ಲ, ನಾನು ಇಪ್ಪತ್ತು ವರ್ಷ ಕಲಿತದ್ದು, ನಂಬಿರುವುದು. ಅಲ್ಲದೆ ಹಜಾರದ ಹಳೆಯ ರೂಪ ಮರಳದಿದ್ದರೆ ಲಿಂಡ್‌ಕ್ವಿಸ್ಟ್ ಹಿಂದೆ ಸರಿಯುತ್ತೇನೆ ಎಂದಿದ್ದರು. ಆಗ ಗೋಡೆಯೂ ಇಲ್ಲ, ತೆನೆಗಳೂ ಇಲ್ಲ, ನಿನ್ನ ಲಿಫ್ಟೂ ಇಲ್ಲ. ಹದಿಮೂರು ಮಹಡಿಗೆ ಪ್ರತಿಯಾಗಿ ಒಂದು ಗೋಡೆ ಕೊಟ್ಟೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಅಪ್ಪನ ಹೆಸರು ಹೇಳಿದ್ದರೆ, ತಂದೆಯ ಕೆಲಸದ ಬಗ್ಗೆ ಮಗಳ ಮಾತು ನಡೆಯದು ಎಂದು ಇಡೀ ವರದಿಯನ್ನೇ ಬದಿಗಿಡುತ್ತಿದ್ದರು.

ಇನ್ನೊಂದನ್ನೂ ಹೇಳುತ್ತೇನೆ, ಸಿಟ್ಟು ಮಾಡಿಕೊ. ನಿನಗೆ ಆ ಗೋಡೆ ಜಪಸರ. ನನಗೆ ಅದು, ನಾನು ಯಾರ ಮಗಳೆಂದು ಊರಿಗೆಲ್ಲ ಸಾರುವ ಗಾರೆಕೆಲಸ. ಕಾಲೇಜಿನ ಗೆಳತಿಯರನ್ನು ಕರೆದುಕೊಂಡು ಬಂದ ದಿನ ಅಪ್ಪ ಮಂಡಿಯೂರಿ ನೆಲ ಉಜ್ಜುತ್ತಿದ್ದವನು ಎದ್ದು ಬಂದು, ಒದ್ದೆ ಕೈಯಲ್ಲಿ ಕೊಕ್ಕರೆ ತೋರಿಸಿ, "ನಂದೇ ಇದು, ನಂದೇ" ಎಂದ. ಅವರು ನಕ್ಕರು. ಅಪ್ಪನಿಗೆ ಅದು ಮೆಚ್ಚುಗೆಯ ನಗು ಅನ್ನಿಸಿತು.

ಗೋಡೆಯ ಫೋಟೋ ತೆಗೆಸಿ ಕಡತದಲ್ಲಿ ಇಡಿಸಿದ್ದೇನೆ.

ತೆಕ್ಲಾ

---

ಬಫಲೊ
1 ಜುಲೈ 1982

ತೆಕ್ಲಾ,

ನಿನ್ನ ಮೇ ತಿಂಗಳ ಕಾಗದಕ್ಕೆ ಉತ್ತರ ಬರೆಯಬಾರದೆಂದಿದ್ದೆ. ಈಗ ಬರೆಯಬೇಕಾಗಿ ಬಂದಿದೆ. ನಡೆದದ್ದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು.

ಮಂಗಳವಾರ ಒಡೆದರು. ಕಳಚಿ ಇಡಿಯಾಗಿ ಇಳಿಸಿಕೊಡಿ, ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ನಿಲ್ಲಿಸಿಕೊಳ್ಳುತ್ತೇವೆ ಎಂದು ಫಾದರ್ ಮಿರೋನ್ ಬಂದು ಕೇಳಿದ್ದರು. ಕಂತ್ರಾಟುದಾರ, "ಫಾದರ್, ಇದು ಅಲ್ಲಾಡಿಸಿದ್ರೆ ಬಿಸ್ಕತ್ತಿನ ಥರ ಉದುರುತ್ತೆ. ನನಗೆ ಶುಕ್ರವಾರದೊಳಗೆ ಮುಗೀಬೇಕು" ಎಂದ. ಮೊದಲ ಏಟು ಬಾವಿಗೆ ಬಿತ್ತು. ಆಮೇಲೆ ಮಾಡು, ಆಮೇಲೆ ಗೂಡು. ನಾನು ಲಿಫ್ಟು ಬಿಟ್ಟು ಬಂದಿದ್ದೆ. ಮೇಲೆ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಬೈಯಲಿಲ್ಲ. ನೆಲ ಗುಡಿಸುವ ಹೆಂಗಸರು ಗೋಡೆಯಿಂದ ಚೂರು ಬಿದ್ದಾಗಲೆಲ್ಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಅಪ್ಪನ ಅಷ್ಟೂ ಜಪ ತಳ್ಳುಗಾಡಿಯಲ್ಲಿ ಹಿಂಬಾಗಿಲಿಂದ ಹೋಯಿತು.

ಗಾರೆ ಬಿದ್ದು, ಜಾಲರಿ ಬಿದ್ದು, ಧೂಳು ಇಳಿಯಿತು. ಲಿಂಡ್‌ಕ್ವಿಸ್ಟ್ ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದು ಮುಂದೆ ಬಂದರು. ಹಿಂದೆ ಏನೂ ಇರಲಿಲ್ಲ.

ಏನೂ ಇರಲಿಲ್ಲ ತೆಕ್ಲಾ. ಹಸಿರು ಗೆರೆಯ ಅಮೃತಶಿಲೆ ಇಲ್ಲ, ಬುಗ್ಗೆ ಇಲ್ಲ. ಬರಿಯ ಒರಟು ಇಟ್ಟಿಗೆ. ಕಲ್ಲು ಕೀಳುವಾಗ ಮೀಟಿದ ಗುರುತು. ನೀರಿನ ಕೊಳಾಯಿಯ ಕೊಯ್ದ ತುದಿ, ಅದರ ಬಾಯಿಗೆ ತುರುಕಿದ ಮರದ ಬಿರಡೆ.

ಕಂತ್ರಾಟುದಾರ ಬಿರಡೆ ಮುಟ್ಟಿ ನೋಡಿ, "ಇದು ಯುದ್ಧದ ಕಾಲದಲ್ಲೇ ಕಿತ್ತಿರೋದು. ಕಂಚಿಗೆ ಆಗ ಎಲ್ಲಿಲ್ಲದ ಬೇಡಿಕೆ. ಕಲ್ಲನ್ನೂ ಜೊತೆಗೇ ಮಾರ್ಕೊಂಡಿರ್ಬೇಕು" ಎಂದ.

ಸಾಹೇಬರು ಸುತ್ತ ನೋಡಿದರು. "ಹಾಗಾದ್ರೆ ಹಿಂದೆ ಎಲ್ಲ ಹಾಗೇ ಇದೆ ಅಂತ ಹೇಳಿದ ಆ ಹಳೇ ನೌಕರ ಯಾವನು?"

"ನಾನೇ ಸಾಹೇಬ್ರೇ" ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದರು. ಅವರು ಹೋದಮೇಲೆ ಕಾನ್ಸೆಟ್ಟಾ, "ಈಗ್ಲಾದ್ರೂ ನಿನ್ನ ತಂಗಿ ಹೆಸರು ಹೇಳ್ಬಾರ್ದಿತ್ತೇನೇ?" ಎಂದಳು. ನಾನು ಗಂಟೆ ಹೊಡೆಯುತ್ತಿದ್ದ ಲಿಫ್ಟಿಗೆ ಹೋದೆ.

ಅಪ್ಪ ಯಾಕೆ ಹಾಗೆ ಹೇಳುತ್ತಿದ್ದ? ಕಲ್ಲು ಮಾರಿದ ಮ್ಯಾನೇಜರನ ಮಾನ ಕಾಯಲು ಮಾತು ಕೊಟ್ಟಿದ್ದನೋ, ಒಡೆದ ತಟ್ಟೆಗಳ ಸಂಕಟದಲ್ಲಿದ್ದ ಅಮ್ಮನ ಮುಂದೆ ದೊಡ್ಡವನಾಗಬೇಕೆಂದು ಹೇಳಿದನೋ. ಕೇಳೋಣವೆಂದರೆ ಇಬ್ಬರೂ ಇಲ್ಲ. ಅವನ ಮಾತನ್ನು ನಾನು ನಂಬಿದೆ, ನನ್ನ ಮಾತನ್ನು ನೀನು ನಂಬಿದೆ. ನಾನು ನಂಬಿದ್ದು ಅವನನ್ನು ಮೆರೆಸಲಿಕ್ಕೆ. ಅಷ್ಟೇ ನಮ್ಮಿಬ್ಬರಿಗಿರುವ ವ್ಯತ್ಯಾಸ ಎಂದು ಬರೆದು, ಹೊಡೆದುಹಾಕೋಣ ಎಂದುಕೊಂಡೆ. ಇರಲಿ ಬಿಡು.

ಗೆನ್ಯಾ

---

ಶಿಕಾಗೊ
12 ಜುಲೈ 1982

ಅಕ್ಕಾ,

ನನಗೂ ಫೋನು ಬಂತು. ಮೊದಲೇ ಸಣ್ಣದೊಂದು ತೂತು ಕೊರೆಸಿ ನೋಡಬೇಕಿತ್ತು. ನೋಡಲಿಲ್ಲ. ಅಪ್ಪನ ಮಾತು ನನ್ನ ಕಿವಿಯಲ್ಲೂ ಇತ್ತು, ಅದಕ್ಕೇ ನೋಡಲಿಲ್ಲ.

ಸರ್ಕಾರದ ಒಪ್ಪಿಗೆ ಸಿಕ್ಕಿದೆ. ಕಟ್ಟಡ ಉಳಿಯಿತು. ಆ ಗೋಡೆಗೆ ಹಳೆಯ ಚಿತ್ರ ನೋಡಿ ಹೊಸ ಅಮೃತಶಿಲೆ ತರಿಸುತ್ತಾರೆ, ಬುಗ್ಗೆಯನ್ನೂ ಹೊಸದಾಗಿ ಎರಕ ಹೊಯ್ಯಿಸುತ್ತಾರೆ.

ನಿನ್ನನ್ನು ನೋಡಬೇಕು.

ತೆಕ್ಲಾ

---

ಶಿಕಾಗೊ
1 ಡಿಸೆಂಬರ್ 1982

ಅಕ್ಕಾ,

ಕಟ್ಟಡದ ಉದ್ಘಾಟನೆಯ ದಿನ ನಿನ್ನ ಲಿಫ್ಟಿನಲ್ಲಿ ನಾನು ಮಾತಾಡಬೇಕಿತ್ತು. ಸುತ್ತ ಅಷ್ಟು ಜನ ಇದ್ದರು, ನಾಲಿಗೆ ಏಳಲಿಲ್ಲ. ಮೇಲೆ ಹೋಗಿ ಭಾಷಣ ಮಾಡಿದೆ, ಏನು ಹೇಳಿದೆನೋ ನೆನಪಿಲ್ಲ. ಇಳಿದು ಬರುವಷ್ಟರಲ್ಲಿ ನಿನ್ನ ಲಿಫ್ಟಿನಲ್ಲಿ ಬೇರೆ ಯಾರೋ ಇದ್ದರು.

ಕ್ರಿಸ್ಮಸ್ಸಿಗೆ ಬರಲೆ? ಗಂಡ ಮಕ್ಕಳು ಅವರ ಅಜ್ಜಿಯ ಮನೆಗೆ ಹೋಗುತ್ತಾರೆ. ನಾನೊಬ್ಬಳೇ ಬರುತ್ತೇನೆ. ಬೇಡವೆಂದರೆ ಬೇಡವೆಂದು ಬರೆ, ಆದರೆ ಬರೆ.

ತೆಕ್ಲಾ

---

ಬಫಲೊ
15 ಡಿಸೆಂಬರ್ 1982

ತೆಕ್ಲಾ,

ಯೇಸುಕ್ರಿಸ್ತನಿಗೆ ಸ್ತುತಿಯಾಗಲಿ.

ಬರೆ ಎಂದೆ, ಬರೆಯುತ್ತಿದ್ದೇನೆ.

ಉದ್ಘಾಟನೆಯ ದಿನ ನಾವು ತೊಟ್ಟಿದ್ದ ಚಿನ್ನದ ಗುಂಡಿಯ ಕೋಟು, ತಟ್ಟೆಯಂಥ ಟೋಪಿ ನಮ್ಮವಲ್ಲ. ನಾಟಕದ ಕಂಪನಿಯಿಂದ ಬಾಡಿಗೆಗೆ ತಂದದ್ದು. ಮೊದಲ ಕಾಲದ ಲಿಫ್ಟಿನವರು ಹಾಗೆ ಇರುತ್ತಿದ್ದರಂತೆ, ನೀನೇ ಚಿತ್ರ ಹುಡುಕಿ ಕೊಟ್ಟದ್ದಂತೆ. ಹೊಸ ವರ್ಷದಿಂದ ಗುಂಡಿ ಒತ್ತುವ ಲಿಫ್ಟು ಬರುತ್ತದೆ, ನಾವು ಬೇಡ. ಆ ಒಂದು ದಿನಕ್ಕೆ ಮಾತ್ರ ಬೇಕಾಗಿದ್ದೆವು. ಕಾನ್ಸೆಟ್ಟಾ ಕನ್ನಡಿ ನೋಡಿಕೊಂಡು, "ಸರ್ಕಸ್ಸಿನ ಮಂಗಕ್ಕೆ ಇದಕ್ಕಿಂತ ಚೆನ್ನಾಗಿ ಹೊಲೀತಾರೆ" ಎಂದಳು. ನಕ್ಕೆವು. ಆಮೇಲೆ ಅವಳು ಅತ್ತಳು.

ನೀನು ನನ್ನ ಲಿಫ್ಟಿಗೇ ಬಂದೆ. ಪಕ್ಕದಲ್ಲಿ ಲಿಂಡ್‌ಕ್ವಿಸ್ಟ್ ಸಾಹೇಬರು, ಮೇಯರರ ಕಡೆಯವರು, ಆ ಬಿಳಿಕೂದಲಿನ ಅಧ್ಯಕ್ಷೆ. ನಾನು ಜಾಲರಿ ಬಾಗಿಲು ಎಳೆದು ಕೇಳಿದೆ, "ಯಾವ ಮಹಡಿ, ಮೇಡಂ?"

ಎಲ್ಲರನ್ನೂ ಹಾಗೆ ಕೇಳುತ್ತೇನೆ. ಆದರೆ ನಿನಗೆ ಒಂದು ಅವಕಾಶ ಕೊಟ್ಟು ಕೇಳಿದ್ದೆ. ಅಷ್ಟು ಸಾಕಿತ್ತು, ಇವಳು ನನ್ನಕ್ಕ ಅನ್ನುವುದಕ್ಕೆ. ವರದಿ ಮುಗಿದಿತ್ತು, ಒಪ್ಪಿಗೆ ಸಿಕ್ಕಿತ್ತು, ಯಾರೂ ಏನನ್ನೂ ಬದಿಗಿಡುವಂತಿರಲಿಲ್ಲ. ನೀನು "ಹದಿಮೂರು" ಎಂದೆ. ಸ್ವಲ್ಪ ತಡೆದು, "ಪ್ಲೀಸ್" ಎಂದೆ.

ಮೇಲೆ ಹೋಗುವಾಗ ಗಾಜಿನ ಮಾಡಿನ ಬೆಳಕು ಒಂದೊಂದೇ ಮಹಡಿಯ ಜಾಲರಿ ದಾಟಿ ನಮ್ಮೆಲ್ಲರ ಮೇಲೂ ಬೀಳುತ್ತಿತ್ತು. ಟಾರು ಕೆರೆಸಿದ್ದೀರಿ, ಒಳ್ಳೆಯದಾಯಿತು. ಅದಕ್ಕೆ ನಿನಗೆ ಪುಣ್ಯ ಬರಲಿ. ಸುಳ್ಳು ಹೇಳಬಾರದು, ಕಟ್ಟಡ ಚೆನ್ನಾಗಿದೆ. ಹೊರಗೆ ತೆನೆಗಳನ್ನೆಲ್ಲ ತೊಳೆಸಿದ ಮೇಲೆ ಬೀದಿಯ ಜನ ತಲೆಯೆತ್ತಿ ನೋಡುತ್ತಾರೆ.

ಹಜಾರದ ಮೂಲೆಗೆ ಮಾತ್ರ ನಾನು ಬೆನ್ನು ಹಾಕಿ ನಡೆಯುತ್ತೇನೆ. ಹೊಸ ಅಮೃತಶಿಲೆ ನುಣ್ಣಗಿದೆ, ಬುಗ್ಗೆ ಹೊಳೆಯುತ್ತದೆ, ನೀರು ಬರುವುದಿಲ್ಲ. ಮೊದಲಿನ ಹಾಗೆಯೇ ಇದೆ ಎಂದು ಬಂದವರಿಗೆ ಹೇಳುತ್ತಾರೆ. ಆಮೇಲಿನದು ಎಂದು ಅಪ್ಪನದನ್ನು ಒಡೆದಿರಿ. ಈಗ ಅಲ್ಲಿರುವುದು ಅದಕ್ಕಿಂತಲೂ ಆಮೇಲಿನದು. ಆದರೆ ಇದನ್ನು ಮಾಡಿದವರ ಹೆಸರು ಹಿತ್ತಾಳೆ ಫಲಕದಲ್ಲಿದೆ. ನಿನ್ನದೂ ಇದೆ.

ಪಾಪನಿವೇದನೆಗೆ ಹೋಗಿ ಎಲ್ಲ ಹೇಳಿದೆ. ಫಾದರ್ ಮಿರೋನ್, "ಗೆನೊವೆಫಾ, ಕ್ಷಮಿಸಬೇಕಮ್ಮಾ" ಎಂದರು. "ಕ್ಷಮಿಸಿದೀನಿ ಫಾದರ್, ಆದ್ರೆ ಅವಳು ನೆನಪಾದಾಗ ಪ್ರತೀ ಸಲ ಮೊದಲಿಂದ ಕ್ಷಮಿಸ್ಬೇಕಾಗುತ್ತೆ" ಎಂದೆ. "ಹಾಗೇ ಮಾಡು" ಎಂದರು. ಬೇರೆ ಪ್ರಾಯಶ್ಚಿತ್ತ ಕೊಡಲಿಲ್ಲ.

ಕ್ರಿಸ್ಮಸ್ ಹಿಂದಿನ ಸಂಜೆ ಎಂದಿನಂತೆ ಬೀಟ್‌ರೂಟ್ ಸಾರು, ಕಾರ್ಪ್ ಮೀನು, ಗಸಗಸೆ ಹಾಕಿದ ಗೋಧಿ. ಮೇಜುಬಟ್ಟೆಯ ಕೆಳಗೆ ಹುಲ್ಲು. ಮೊದಲ ನಕ್ಷತ್ರ ಕಂಡಮೇಲೆ ಕೂರುತ್ತೇವೆ. ನಿನ್ನೆ ವೊಯ್ತೆಕ್ ಕುರ್ಚಿ ಎಣಿಸುತ್ತ, "ತೆಕ್ಲಾ ಬಂದ್ರೆ ಅವಳಿಗೊಂದು ತಟ್ಟೆ ಇಡ್ಬೇಕಲ್ವೇನೇ?" ಎಂದರು.

"ಬೇಡ. ಖಾಲಿ ತಟ್ಟೆ ಒಂದು ಇದ್ದೇ ಇರುತ್ತಲ್ಲ" ಎಂದೆ.

"ಅದು ದಾರಿ ತಪ್ಪಿ ಬಂದ ಅಪರಿಚಿತರಿಗೆ ಇಡೋದು ಕಣೇ."

"ಗೊತ್ತು" ಎಂದೆ.

ಅವರು ನನ್ನ ಮುಖ ನೋಡಿ ಮತ್ತೆ ಕುರ್ಚಿ ಎಣಿಸತೊಡಗಿದರು.

ಬಾ. ಆ ತಟ್ಟೆಯ ಮುಂದೆ ಕೂರಲು ಬರುವ ಯಾರನ್ನೂ ನಮ್ಮ ಮನೆಯಲ್ಲಿ ಹಿಂದಕ್ಕೆ ಕಳಿಸಿಲ್ಲ, ನಿನ್ನನ್ನೂ ಕಳಿಸುವುದಿಲ್ಲ. ಬಾಗಿಲು ತಟ್ಟು. ಒಳಗಿನಿಂದ ನಾನು ಯಾರು ಎಂದು ಕೇಳುತ್ತೇನೆ. ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿಕೊಂಡು ಬಾ. ವೊಯ್ತೆಕ್ ಕಡೆಯವರೆಲ್ಲ ಮೇಜಿನ ಸುತ್ತ ಕೂತಿರುತ್ತಾರೆ, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳು.

ಗೆನೊವೆಫಾ ಸೊಬ್ಚಾಕ್,
ಕಾಜಿಮಿರ್ ವ್ರೋನಾನ ಮಗಳು